ತೋಪಿನ ಮರಬಾಳೆ

ಯಲಹಂಕ ದಾಟಿ, ವಾಯುಪಡೆ ನೆಲೆಯ ಉದ್ದನೆಯ ಗೋಡೆಯ ಪಕ್ಕ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಬಂದರೆ ಹುಣಸಮಾರನಹಳ್ಳಿ. ಇಲ್ಲಿ ಕಾಡನ್ನು ನಮ್ಮ ತಾತನೂ ಕಂಡವರಲ್ಲ. ರಾಗಿ ಹೊಲ, ಕೆರೆ, ಗೋಮಾಳ, ತೋಪು, ಇಷ್ಟೇ ನಮ್ಮ ಸೀಮೆ. ಆರ್ಕಿಡ್ ಎಂದರೆ ಆಗುಂಬೆಯ ಮಳೆ, ಕೊಡಗಿನ ಮಂಜು, ಸೀತಾಳೆ ದಂಡೆ ಮುಡಿದ ಮಲೆನಾಡಿನ ಮದುವಣಗಿತ್ತಿ ಎಂದೇ ಎಲ್ಲರ ಎಣಿಕೆ. ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದ ನನ್ನ ಕೈಗೆ ಬಂದ ಪುಸ್ತಕಗಳಲ್ಲೂ ಅಷ್ಟೇ ಇತ್ತು. ಆದರೆ ನಾನು ಮೊದಲು ಮೂಸಿದ ಆರ್ಕಿಡ್ ಹೂವು ನಮ್ಮೂರ ಹುಣಸೆ ಮರದ್ದು. ಅದಕ್ಕೆ ಆರ್ಕಿಡ್ ಎಂಬ ಹೆಸರಿದೆಯೆಂದು ತಿಳಿಯುವುದಕ್ಕೆ ಎಷ್ಟೋ ಮೊದಲು ಅದರ ವಾಸನೆ ಗೊತ್ತಿತ್ತು.

ಅಪ್ಪ ಹುಣಸೆ ಫಸಲಿನ ಗುತ್ತಿಗೆ ಹಿಡಿಯುತ್ತಿದ್ದರು. ತೋಪಿನ ಮರಗಳ ಫಸಲನ್ನು ಪಂಚಾಯಿತಿಯವರು ವರ್ಷವರ್ಷವೂ ಹರಾಜು ಹಾಕುವರು. ಕೂಗಿ ಹಿಡಿದವರು ಸಂಕ್ರಾಂತಿ ಕಳೆದ ಮೇಲೆ ಆಳು ಕರೆದುಕೊಂಡು ಮರ ಹತ್ತಬೇಕು. ಗಂಡಾಳುಗಳು ಕೊಂಬೆ ಅಲುಗಿಸಿ, ಸಿಗದ ಕಡೆ ದೋಟಿಯಲ್ಲಿ ಬಡಿದು ಕಾಯಿ ಉದುರಿಸುವರು. ಕೆಳಗೆ ಹೆಂಗಸರು ಮಕ್ಕಳು ಆಯುವರು. ಸಿಪ್ಪೆ ಬಿಡಿಸಿ, ಕುಟ್ಟಿ ಬೀಜ ತೆಗೆಯುವ ಕೆಲಸ ಯುಗಾದಿ ದಾಟಿದರೂ ಮನೆಯ ಜಗಲಿಯ ಮೇಲೆ ನಡೆದೇ ಇರುತ್ತಿತ್ತು. ಮರ ಹತ್ತುವವರಿಗೆ ಅಪ್ಪ ಒಂದು ಮಾತು ಹೇಳಿಯೇ ಹತ್ತಿಸುತ್ತಿದ್ದರು: ಕವಲಿನಲ್ಲಿ ಬೇರು ಬಿಟ್ಟುಕೊಂಡು ಕೂತಿರೋ ಗಿಡ ತುಳೀಬೇಡಿ. ಬದನಿಕೆ ಅಲ್ಲವಾ, ಕಿತ್ತು ಹಾಕಿದರೆ ಮರಕ್ಕೇ ಒಳ್ಳೆಯದಲ್ಲವಾ ಎಂದು ನಾನು ಕೇಳಿದ್ದಕ್ಕೆ, "ಬದನಿಕೆ ಅಲ್ಲ ಕಣಮ್ಮ, ಮರಬಾಳೆ. ಮರದ ಸಾರ ಕುಡಿಯಲ್ಲ ಅದು, ಸುಮ್ಮನೆ ಕೂತಿರುತ್ತೆ" ಅಂದಿದ್ದರು. ಆಮೇಲೆ ಕಾಲೇಜಿನಲ್ಲಿ ಎಪಿಫೈಟ್ ಬೇರೆ, ಪರಾವಲಂಬಿ ಬೇರೆ ಎಂಬ ಪಾಠ ಬಂದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ.

ಈ ಗಿಡದ ಶಾಸ್ತ್ರೀಯ ಹೆಸರು ವಂಡಾ ಟೆಸೆಲೇಟಾ. ಬಾರುಕೋಲಿನ ಪಟ್ಟಿಯಂತೆ ಉದ್ದಕ್ಕೆ, ದಪ್ಪಗೆ, ನಡುವೆ ಮಡಿಸಿಕೊಂಡ ಎಲೆಗಳು ಕಾಂಡದ ಎರಡೂ ಬದಿಗೆ ಸಾಲಾಗಿ ಏರುತ್ತವೆ. ಎಲೆಯ ತುದಿ ಚೂಪಾಗಿರುವುದಿಲ್ಲ. ಯಾವುದೋ ಪ್ರಾಣಿ ಕಚ್ಚಿ ಹರಿದಂತೆ ಮೊಂಡಾಗಿ, ಹಲ್ಲುಹಲ್ಲಾಗಿ ಇರುತ್ತದೆ. ಹೂವಿಲ್ಲದ ಕಾಲದಲ್ಲಿ ಗುರುತು ಹಿಡಿಯುವುದಕ್ಕೆ ಮಕ್ಕಳಿಗೆ ನಾನು ಹೇಳಿಕೊಡುತ್ತಿದ್ದುದು ಈ ಕಚ್ಚಿದ ತುದಿಯನ್ನೇ. ಹುಣಸೆ ಬಡಿದು ಮುಗಿಯುವ ಹೊತ್ತಿಗೆ, ಬೇಸಿಗೆ ಏರುತ್ತಿದ್ದಂತೆ, ಎಲೆಯ ಬುಡದಿಂದ ಗೇಣುದ್ದದ ದಂಟು ಹೊರಡುತ್ತದೆ. ಅದರಲ್ಲಿ ಐದಾರರಿಂದ ಹತ್ತು ಹನ್ನೆರಡು ಹೂಗಳು. ಎಸಳು ಹಸಿರುಹಳದಿ, ಅದರ ಮೇಲೆ ಕಂದು ಗೆರೆಗಳ ಚೌಕುಳಿ. ನಡುವಿನ ತುಟಿ ಮಾತ್ರ ನೀಲಿ ಬೆರೆತ ನೇರಳೆ. ದೂರದಿಂದ ನೋಡಿದರೆ ತರಗೆಲೆಯ ನಡುವೆ ಕಾಣುವುದೇ ಇಲ್ಲ. ಬಿಸಿಲೇರಿದ ಮೇಲೆ ಮರದಡಿ ನಿಂತವರಿಗೆ ಮೊದಲು ಸಿಕ್ಕುವುದು ವಾಸನೆ. ಹಣ್ಣಾದ ದ್ರಾಕ್ಷಿಯ ಸಿಹಿ ವಾಸನೆಗೆ ಹತ್ತಿರ. ಮಲ್ಲಿಗೆ, ಸಂಪಿಗೆಗಳ ಹಾಗೆ ಕವಿದುಕೊಳ್ಳುವುದಿಲ್ಲ, ಗಾಳಿ ತಿರುಗಿದಾಗ ಬಂದು ಹೋಗುತ್ತದೆ.

ನಮ್ಮ ಕಡೆಯ ಬೇಸಿಗೆಯಲ್ಲಿ, ಮಣ್ಣಿನ ಆಸರೆಯೇ ಇಲ್ಲದೆ, ಕೊಂಬೆಯ ಮೇಲೆ ಇದು ಬದುಕುವುದು ಹೇಗೆ ಎಂಬುದನ್ನು ತಿಳಿದರೆ ಗಿಡದ ಮೇಲೆ ಗೌರವ ಹುಟ್ಟುತ್ತದೆ. ಬೇರಿನ ಹೊರಗೆ ವೆಲಮೆನ್ ಎಂಬ ಸತ್ತ ಜೀವಕೋಶಗಳ ದಪ್ಪ ಹೊದಿಕೆಯಿದೆ. ಒಣಗಿದ್ದಾಗ ಬೆಳ್ಳಗಿರುವ ಅದು ಮಳೆಹನಿ, ಇಬ್ಬನಿ ಬಿದ್ದೊಡನೆ ಹೀರಿ ಹಸಿರಾಗುತ್ತದೆ. ಎಲೆಯ ರಂಧ್ರಗಳು ಹಗಲು ಮುಚ್ಚಿರುತ್ತವೆ. ರಾತ್ರಿ ತಂಪಿನಲ್ಲಿ ಅವು ತೆರೆದಾಗ ಗಿಡ ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಟ್ಟುಕೊಂಡು, ಹಗಲು ಬೆಳಕು ಬಂದಾಗ ಅದರಿಂದ ಆಹಾರ ಮಾಡಿಕೊಳ್ಳುತ್ತದೆ. ಕತ್ತಾಳೆ, ಪಾಪಸುಕಳ್ಳಿಗಳು ಮಾಡುವುದೂ ಇದನ್ನೇ. ಹಾಗಾಗಿ ಬಯಲುಸೀಮೆಯ ಒಣಹವೆ ಇದಕ್ಕೆ ಶಿಕ್ಷೆಯೇನೂ ಅಲ್ಲ, ತವರು.

ಕಷ್ಟವಿರುವುದು ಹುಟ್ಟಿನಲ್ಲಿ. ಒಂದು ಕಾಯಿ ಬಿರಿದರೆ ಧೂಳಿನಂಥ ಬೀಜ ಸಾವಿರಾರು ಹಾರುತ್ತವೆ, ಆದರೆ ಒಂದರಲ್ಲೂ ಮೊಳಕೆಗೆ ಬೇಕಾದ ಆಹಾರದ ಗಂಟು ಇಲ್ಲ. ತೊಗಟೆಯ ಬಿರುಕಿನಲ್ಲಿ ತಕ್ಕ ಶಿಲೀಂಧ್ರ ಸಿಕ್ಕಿ, ಅದು ಬೀಜದೊಳಗೆ ಹೊಕ್ಕು ಉಣಿಸಿದರೆ ಮಾತ್ರ ಮೊಳಕೆ. ಫ್ರಾನ್ಸಿನ ನೋಯೆಲ್ ಬರ್ನಾರ್ ಎಂಬ ತರುಣ ವಿಜ್ಞಾನಿ ಈ ನಂಟನ್ನು ಕಂಡುಕೊಂಡದ್ದು 1899ರಲ್ಲಿ. ಶಿಲೀಂಧ್ರವಿಲ್ಲದೆ ಸಕ್ಕರೆಯ ಮಾಧ್ಯಮದಲ್ಲಿ ಬೀಜ ಮೊಳೆಸುವ ಬಗೆಯನ್ನು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿದರು. ಇಂದು ಹೂವಿನಂಗಡಿಗೆ ಬರುವ ಬಣ್ಣಬಣ್ಣದ ಆರ್ಕಿಡ್‌ಗಳೆಲ್ಲ ಆ ಗಾಜಿನ ಸೀಸೆಯ ಸಂತಾನ. ಮರದ ಮೇಲೆ ಮಾತ್ರ ಈಗಲೂ ಹಳೆಯ ಕ್ರಮವೇ. ಬೀಜ ಬಿದ್ದು, ಶಿಲೀಂಧ್ರ ಹಿಡಿದು, ಎಲೆ ಕಂಡು, ಹೂ ಬಿಡುವ ಹೊತ್ತಿಗೆ ಹಲವು ವರ್ಷ ಸರಿದಿರುತ್ತವೆ. ಅಷ್ಟು ಕಾಲ ತೊಗಟೆ ಕದಲಬಾರದು. ತೊಗಟೆ ಒರಟಾಗಿರಬೇಕು, ಬಿರುಕು ಬಿಟ್ಟಿರಬೇಕು, ತೇವ ಹಿಡಿಯಬೇಕು. ಅಂದರೆ ಮರಕ್ಕೆ ವಯಸ್ಸಾಗಿರಬೇಕು.

ಆದ್ದರಿಂದಲೇ ಬಯಲುಸೀಮೆಯಲ್ಲಿ ಮರಬಾಳೆಯ ಚರಿತ್ರೆ ಬರೆಯಹೊರಟರೆ ತೋಪಿನ ಚರಿತ್ರೆ ಬರೆಯಬೇಕಾಗುತ್ತದೆ. ಕಾಡಿಲ್ಲದ ಊರಿನಲ್ಲಿ ಮುದಿಮರಗಳನ್ನು ಕೂಡಿಟ್ಟದ್ದು ತೋಪು. ಹಳ್ಳಿಗೊಂದು ಕೆರೆ ಇರುವಂತೆ ಒಂದು ಗುಂಡುತೋಪೂ ಇರಬೇಕೆಂಬುದು ನಮ್ಮ ಸೀಮೆಯ ಹಳೆಯ ಏರ್ಪಾಡು. ಹುಣಸೆ, ಮಾವು, ನೇರಳೆ, ಹೊಂಗೆ, ಹಿಪ್ಪೆ, ಬೇವು, ಹಲಸು. ಯಾವುದೂ ಅಂದಕ್ಕಾಗಿ ನೆಟ್ಟದ್ದಲ್ಲ. ದಾರಿಹೋಕರಿಗೆ, ಸಂತೆಗೆ ಹೋಗುವ ಎತ್ತಿನ ಗಾಡಿಗಳಿಗೆ ನೆರಳು. ಹೊಂಗೆಬೀಜದಿಂದ ದೀಪದ ಎಣ್ಣೆ, ಹೊಂಗೆಸೊಪ್ಪಿನಿಂದ ಗದ್ದೆಗೆ ಗೊಬ್ಬರ. ಹುಣಸೆಯಿಂದ ಊರಿಗೆ ಹರಾಜಿನ ಹಣ. ಒಂದು ಮೂಲೆಯಲ್ಲಿ ಮುನೇಶ್ವರನ ಕಲ್ಲೋ ಊರಮ್ಮನ ಗುಡಿಯೋ ಇದ್ದರೆ ಆ ಮೂಲೆಯ ಮರಕ್ಕೆ ಕೊಡಲಿ ಬೀಳುತ್ತಿರಲಿಲ್ಲ. ಫಸಲು ಗುತ್ತಿಗೆದಾರನದು, ಮರ ಊರಿನದು, ನೆಲ ಸರ್ಕಾರದ್ದು. ಮೂವರಿಗೂ ಸೇರಿದ್ದರಿಂದ ಒಬ್ಬರೇ ಕಡಿದುಕೊಳ್ಳುವಂತಿರಲಿಲ್ಲ. ಹುಣಸೆ ನೆಟ್ಟವನು ಅದರ ತುಂಬು ಫಸಲನ್ನು ತಿನ್ನುವುದಿಲ್ಲ, ಮೊಮ್ಮಗ ತಿನ್ನುತ್ತಾನೆ ಎನ್ನುತ್ತಿದ್ದರು ಅಪ್ಪ. ಆ ಮೊಮ್ಮಗನ ಕಾಲಕ್ಕೆ ಕವಲಿನಲ್ಲಿ ಮರಬಾಳೆ ಬಂದಿರುತ್ತದೆ. ಅದನ್ನು ಯಾರೂ ನೆಟ್ಟಿರುವುದಿಲ್ಲ; ಅದು ಬರುವಂಥ ಮನೆಯನ್ನು ಮಾತ್ರ ತಲೆಮಾರುಗಳು ಕಟ್ಟಿರುತ್ತವೆ.

ತೋಪಿಗೆ ಎಷ್ಟು ವಯಸ್ಸಾಗಬಹುದೆಂದು ನೋಡಬೇಕಾದರೆ ಇದೇ ರಸ್ತೆಯಲ್ಲಿ ಇನ್ನೂ ಉತ್ತರಕ್ಕೆ ಹೋಗಬೇಕು. ಚಿಕ್ಕಜಾಲದ ಹಳೆಯ ಕೋಟೆಯ ಗೋಡೆ ಕಳೆದು, ವಿಮಾನ ನಿಲ್ದಾಣದ ತಿರುವು ಬಿಟ್ಟು, ದೇವನಹಳ್ಳಿ ತಾಲ್ಲೂಕಿನ ನಲ್ಲೂರಿಗೆ. ಅಲ್ಲಿ ಸುಮಾರು 54 ಎಕರೆಯ ಹುಣಸೆ ತೋಪಿದೆ. ಚೋಳರ ಕಾಲದ್ದೆಂದು ಊರವರ ನಂಬಿಕೆ. ಶತಮಾನಗಳನ್ನು ಕಂಡ ಮರಗಳು ಅಲ್ಲಿವೆ ಎಂಬುದರಲ್ಲಂತೂ ಅನುಮಾನವಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಬಂದ ಮೇಲೆ ಜೀವವೈವಿಧ್ಯ ಪಾರಂಪರಿಕ ತಾಣ ಎಂಬ ಹೊಸ ವರ್ಗ ಹುಟ್ಟಿತು. 2007ರಲ್ಲಿ ದೇಶದಲ್ಲೇ ಮೊದಲ ತಾಣವೆಂದು ಘೋಷಣೆಯಾದದ್ದು ಯಾವ ಘಟ್ಟದ ಕಾಡೂ ಅಲ್ಲ, ನಲ್ಲೂರಿನ ಈ ತೋಪು. ಮನುಷ್ಯರು ನೆಟ್ಟು ಮನುಷ್ಯರೇ ಉಳಿಸಿದ ಜಾಗಕ್ಕೆ ಆ ಮೊದಲ ಗೌರವ ಸಂದದ್ದು ನನಗೆ ಬಹಳ ದೊಡ್ಡ ಸಂಗತಿ. ಅಲ್ಲಿಯ ಮರಗಳ ಬೊಡ್ಡೆ ಟೊಳ್ಳಾಗಿವೆ, ಸೀಳಿವೆ, ನೆಲಕ್ಕೊರಗಿದ ಕಡೆಯಿಂದ ಮತ್ತೆ ಚಿಗುರಿ ನಿಂತಿವೆ. ಹತ್ತಿರ ಹೋಗಿ ಆ ತೊಗಟೆಯ ಮೇಲೆ ಕೈಯಾಡಿಸಿದರೆ ಸಾಕು, ಮರದ ಮೇಲೆ ಬೆಳೆಯುವ ಗಿಡಕ್ಕೆ ಬೇಕಾದ್ದೇನು ಎಂದು ತಿಳಿಯುತ್ತದೆ.

ಊರಿನವರಿಗೆ ಗೊತ್ತಿದ್ದ ಗಿಡ ಪುಸ್ತಕ ಸೇರಿದ ಬಗೆ ಬೇರೆ. ಕಲ್ಕತ್ತೆಯ ನ್ಯಾಯಾಧೀಶ, ಸಂಸ್ಕೃತ ವಿದ್ವಾಂಸ ವಿಲಿಯಂ ಜೋನ್ಸ್ ವಂಡಾ ಎಂಬ ದೇಶೀ ಹೆಸರಿನಲ್ಲೇ ಇದರ ವರ್ಣನೆ ಬರೆದರು. ಅವರು 1794ರಲ್ಲಿ ತೀರಿಕೊಂಡ ಮರುವರ್ಷ ಏಷಿಯಾಟಿಕ್ ರಿಸರ್ಚಸ್ ಸಂಪುಟದಲ್ಲಿ ಅದು ಅಚ್ಚಾಯಿತು. ಅದೇ 1795ರಲ್ಲಿ ವಿಲಿಯಂ ರಾಕ್ಸ್‌ಬರ್ಗ್ ಕೋರಮಂಡಲ ಕರಾವಳಿಯ ಸಸ್ಯಗಳ ದೊಡ್ಡ ಚಿತ್ರಸಂಪುಟದಲ್ಲಿ ಇದನ್ನು ಸೇರಿಸಿ, ಎಸಳಿನ ಚೌಕುಳಿ ನೋಡಿ ಟೆಸೆಲೇಟಮ್ ಎಂದರು. ಆ ಚಿತ್ರಗಳನ್ನು ಬರೆದವರು ಈ ನೆಲದ ಕಲಾವಿದರು. ಅವರ ಹೆಸರು ಹಾಳೆಯ ಮೇಲಿಲ್ಲ. 1820ರಲ್ಲಿ ರಾಬರ್ಟ್ ಬ್ರೌನ್ ವಂಡಾ ಎಂಬುದನ್ನು ಕುಲದ ಹೆಸರಾಗಿ ನಿಲ್ಲಿಸಿದರು. ಇಂದು ಪ್ರಪಂಚದಾದ್ಯಂತ ವಂಡಾ ಎಂದು ಮಾರುವ ಹೂಗಳ ಕುಲನಾಮ ಶುರುವಾದದ್ದು ಈ ಬಯಲಿನ ಗಿಡದಿಂದ. ನಮ್ಮ ಮಾವು ಹುಣಸೆಗಳ ಗಿಡವೇ ಆ ಕುಲದ ಹಿರಿಯಕ್ಕ ಎಂದು ತರಗತಿಯಲ್ಲಿ ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತಿತ್ತು.

ಇದೇ ಕುಲದ ನೀಲಿ ತಂಗಿಯ ಪಾಡು ಬೇರೆಯಾಯಿತು. ಖಾಸಿ ಬೆಟ್ಟಗಳ ವಂಡಾ ಕೊಯೆರುಲಿಯಾವನ್ನು 1850ರಲ್ಲಿ ಜೋಸೆಫ್ ಹೂಕರ್ ಕ್ಯೂ ಉದ್ಯಾನಕ್ಕೆಂದು ಏಳು ಆಳು ಹೊರುವಷ್ಟು ಕಿತ್ತು ಸಾಗಿಸಿದ್ದನ್ನು ತಾವೇ ಬರೆದುಕೊಂಡಿದ್ದಾರೆ. ಹೆಚ್ಚಿನವು ಇಂಗ್ಲೆಂಡ್ ಮುಟ್ಟುವ ಹೊತ್ತಿಗೆ ಹಾಳಾಗಿದ್ದವು. ಅವರ ಬೆನ್ನಿಗೇ ವ್ಯಾಪಾರಿಗಳೂ ಬಂದರು. ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಲ್ಲಿ ಅತಿ ಬಿಗಿಯಾದ ಮೊದಲ ಪಟ್ಟಿಯಲ್ಲಿ ಆ ನೀಲಿ ಹೂವನ್ನು 2005ರವರೆಗೆ ಇಡಬೇಕಾಯಿತು. ನಮ್ಮ ಮರಬಾಳೆಯ ಬಣ್ಣ ಮಂಕು. ಇದನ್ನು ಹಡಗು ಹತ್ತಿಸಲು ಅಷ್ಟು ಜನ ಮುಗಿಬೀಳಲಿಲ್ಲ. ಬಹುತೇಕ ಆರ್ಕಿಡ್‌ಗಳಂತೆ ಸೈಟಿಸ್‌ನ ಎರಡನೆಯ ಪಟ್ಟಿಯಲ್ಲಿ ಇದಕ್ಕೂ ರಕ್ಷಣೆ ಇದೆ, ಆದರೆ ಊರ ಕೊಂಬೆಯೇ ಬಿದ್ದುಹೋಗುವಾಗ ಆ ಕಾಗದ ಏನೂ ಮಾಡಲಾರದು.

ಮರಬಾಳೆಗೆ ಬಂದ ಬೇಡಿಕೆ ಹೂವಿಗಲ್ಲ, ಬೇರಿಗೆ. ವಾತಕ್ಕೆ ಕೊಡುವ ರಾಸ್ನೆ ಎಂಬ ಮೂಲಿಕೆ ಆಯುರ್ವೇದದಲ್ಲಿ ದೊಡ್ಡ ಹೆಸರು. ಆ ಹೆಸರಿನಲ್ಲಿ ಒಂದೊಂದು ಸೀಮೆಯ ಅಂಗಡಿಯಲ್ಲಿ ಒಂದೊಂದು ಗಿಡ ಮಾರುತ್ತದೆ. ದಕ್ಷಿಣದಲ್ಲಿ ಹೆಚ್ಚಾಗಿ ಶುಂಠಿಯ ಬಳಗದ ಗೆಡ್ಡೆ, ಉತ್ತರದಲ್ಲಿ ಪ್ಲೂಚಿಯಾ ಎಂಬ ಗಿಡ, ಬಂಗಾಳದ ಕಡೆ ವಂಡಾದ ಬೇರು. ಹೀಗೆ ಹೆಸರು ಹಂಚಿಹೋದದ್ದು ನಮ್ಮ ತೋಪುಗಳಿಗೆ ಒಳ್ಳೆಯದೇ ಆಯಿತು. ನಮ್ಮ ಮನೆಯಲ್ಲಿ ಅಜ್ಜಿ ಮಾಡುತ್ತಿದ್ದುದು ಇಷ್ಟೆ: ಕಿವಿನೋವು ಬಂದ ಮಗುವಿಗೆ ಒಂದು ಎಲೆ ಬಾಡಿಸಿ, ಹಿಂಡಿ, ಎರಡು ಹನಿ. ದೇಶದ ಬಹುಕಡೆ ಹಳ್ಳಿಗಳಲ್ಲಿ ಇದೇ ಬಳಕೆಯನ್ನು ಸಸ್ಯಶಾಸ್ತ್ರಜ್ಞರು ದಾಖಲಿಸಿದ್ದಾರೆ. ಬೇಕಾದಾಗ ಒಂದೇ ಎಲೆ. ಗಿಡ ಕೀಳುವ ಪದ್ಧತಿ ನಮ್ಮಲ್ಲಿರಲಿಲ್ಲ.

ಬೆಂಗಳೂರಿನ ಲಾಲ್‌ಬಾಗ್ ಸಸ್ಯೋದ್ಯಾನಕ್ಕೆ 1874ರಿಂದ 1908ರವರೆಗೆ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್ ತೋಟದ ಗಿಡಗಳ ಪಟ್ಟಿಯನ್ನು ಅಚ್ಚು ಹಾಕಿಸಿದಾಗ ಸುತ್ತಲಿನ ಸೀಮೆಯನ್ನೂ ಶೀರ್ಷಿಕೆಯಲ್ಲೇ ಸೇರಿಸಿದ್ದರು. ನನಗೆ ಈ ದೃಷ್ಟಿ ಇಷ್ಟ. ನಗರದ ಬೇಲಿಯಾಚೆ ಇರುವ ತೋಪು, ಬಂಡೆ, ಕೆರೆದಂಡೆಗಳೂ ಉದ್ಯಾನಕ್ಕೆ ಸಂಬಂಧಪಟ್ಟವೇ ಎಂಬ ತಿಳಿವಳಿಕೆ ಅದರಲ್ಲಿದೆ. ನಮ್ಮ ಕಾಲದಲ್ಲಿ ಟಿ. ಆನಂದರಾವ್ ಮತ್ತು ಎಸ್. ಶ್ರೀಧರ್ ಕರ್ನಾಟಕದ ಕಾಡು ಆರ್ಕಿಡ್‌ಗಳ ಸಚಿತ್ರ ಸಂಪುಟವನ್ನು 2007ರಲ್ಲಿ ಬೆಂಗಳೂರಿನಿಂದಲೇ ತಂದರು. 2019ರಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆ ಎಣಿಸಿ ಹೇಳಿದ್ದು ದೇಶದಲ್ಲಿ 1,256 ಬಗೆಯ ಆರ್ಕಿಡ್. ಅದರಲ್ಲಿ 757 ಮರದ ಮೇಲಿನವು. ಅಷ್ಟರಲ್ಲಿ ಬಯಲಿನ ರಾಗಿಸೀಮೆಗೆ ಒಗ್ಗಿದವು ಬೆರಳೆಣಿಕೆಯಷ್ಟೇ.

ಕೇಡು ಬಂದದ್ದು ಒಂದೇ ದಿಕ್ಕಿನಿಂದಲ್ಲ. 1980ರ ದಶಕದಲ್ಲಿ, ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆಯ ದಿನಗಳಲ್ಲಿ, ಬೆಂಗಳೂರು ಗ್ರಾಮಾಂತರ ಮತ್ತು ಕೋಲಾರದ ಹೊಲ, ಗೋಮಾಳಗಳಿಗೆಲ್ಲ ನೀಲಗಿರಿ ನುಗ್ಗಿತು. ನೋಡಲು ಹಸಿರೇ. ಆದರೆ ನೀಲಗಿರಿ ತನ್ನ ತೊಗಟೆಯನ್ನು ಸಿಪ್ಪೆಸಿಪ್ಪೆಯಾಗಿ ಉದುರಿಸಿ ನುಣ್ಣಗೆ ನಿಲ್ಲುವ ಮರ. ಧೂಳಿನಂಥ ಬೀಜ ಅದರ ಮೇಲೆ ಊರಲು ಜಾಗವೇ ಇಲ್ಲ. ಊರಿದರೂ ಕೆಲವೇ ವರ್ಷಕ್ಕೆ ಮರ ಕಡಿದು ಲಾರಿಗೆ ತುಂಬುತ್ತಾರೆ. ಹೊಸದಾಗಿ ನೀಲಗಿರಿ ನೆಡಬಾರದೆಂದು ರಾಜ್ಯ ಸರ್ಕಾರ ಆದೇಶ ಹೊರಡಿಸಿದ್ದು 2017ರಲ್ಲಿ. ಅಷ್ಟು ಹೊತ್ತಿಗೆ ಒಂದು ತಲೆಮಾರಿನ ಮಕ್ಕಳಿಗೆ ತೋಪು ಎಂದರೆ ನೀಲಗಿರಿ ತೋಪೇ ಆಗಿಹೋಗಿತ್ತು.

ಮಾವಿನಲ್ಲೂ ಹೀಗೆಯೇ. ಹಳೆಯ ನಾಟಿ ಮಾವು ಎತ್ತರಕ್ಕೆ ಬೆಳೆದು ತಾತನ ವಯಸ್ಸಿನವರೆಗೆ ನಿಲ್ಲುತ್ತಿತ್ತು. ಕಸಿ ಮಾವನ್ನು ಕುಳ್ಳಗೆ ಸವರಿ, ಔಷಧಿ ಹೊಡೆದು, ಇಳುವರಿ ಇಳಿದೊಡನೆ ಬದಲಾಯಿಸುತ್ತಾರೆ. ರೈತರು ಬದುಕು ನೋಡಿಕೊಳ್ಳಬೇಕು. ಅವರನ್ನು ನಾನು ದೂರುವುದಿಲ್ಲ. ಆದರೆ ಮರ ಸ್ವಚ್ಛ ಮಾಡುವ ಹೆಸರಿನಲ್ಲಿ ಬದನಿಕೆಯ ಜೊತೆ ಮರಬಾಳೆಯನ್ನೂ ಮಚ್ಚಿನಿಂದ ಕೆತ್ತಿ ಹಾಕುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬದನಿಕೆಯ ಬೇರು ಮರದ ಒಳಕ್ಕೆ ಇಳಿದು ನೀರು ಕದಿಯುತ್ತದೆ. ಮರಬಾಳೆಯ ಬೇರು ತೊಗಟೆಯ ಮೇಲ್ಗಡೆ ಅಂಟಿಕೊಂಡಿರುತ್ತದೆ, ಮರದೊಳಕ್ಕೆ ಇಳಿಯುವುದಿಲ್ಲ. ಬೆರಳಿನಿಂದ ಎತ್ತಿ ನೋಡಿದರೆ ಸಣ್ಣ ಮಗುವಿಗೂ ಕಾಣುತ್ತದೆ.

ಕೊನೆಗೆ ರಸ್ತೆ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಶುರುವಾಯಿತು. ಅದಕ್ಕೆ ಮೊದಲೂ ಆಮೇಲೂ ಬಳ್ಳಾರಿ ರಸ್ತೆ ಅಗಲವಾಗುತ್ತಲೇ ಬಂತು. 2014ರಲ್ಲಿ ಹೆಬ್ಬಾಳದ ಕಡೆಯಿಂದ ಮೇಲ್ಸೇತುವೆಯೂ ಬಂತು. ಇಕ್ಕೆಲದ ಸಾಲುಮರಗಳು ಒಂದೊಂದೇ ಹಂತದಲ್ಲಿ ಇಲ್ಲವಾದವು. ನಮ್ಮ ಹೊಲಗಳು ಬಡಾವಣೆಯಾದವು. ಪಹಣಿಯಲ್ಲಿ ಸರ್ಕಾರಿ ಗುಂಡುತೋಪು ಎಂದು ನಮೂದಾದ ಎಷ್ಟೋ ಜಾಗದಲ್ಲಿ ಇಂದು ಒಂದು ಮರವೂ ಇಲ್ಲ, ನಮೂದು ಮಾತ್ರ ಇದೆ. ಕಡಿದ ಪ್ರತಿ ಮರಕ್ಕೆ ಇಷ್ಟು ಸಸಿ ನೆಡುತ್ತೇವೆ ಎಂಬ ಲೆಕ್ಕ ಪ್ರತಿ ಸಲವೂ ಕೇಳುತ್ತೇವೆ. ಸಸಿ ನೆಡಲಿ, ಸಂತೋಷ. ಆದರೆ ಮರಬಾಳೆಯ ಕಣ್ಣಿನಿಂದ ನೋಡಿದರೆ ಕಳೆದುಹೋದದ್ದು ಮರದ ಸಂಖ್ಯೆಯಲ್ಲ, ಮರದ ವಯಸ್ಸು. ಇಂದು ನೆಟ್ಟ ಹುಣಸೆಯ ತೊಗಟೆ ಬಿರಿದು ಬೀಜ ಹಿಡಿಯುವ ಹೊತ್ತಿಗೆ, ಆ ಬೀಜ ಉದುರಿಸುವ ತಾಯಿಗಿಡ ಹತ್ತಿರದ ಮುದಿಮರದಲ್ಲಿ ಇನ್ನೂ ಇರಬೇಕು. ಎರಡೂ ಒಂದೇ ಊರಿನಲ್ಲಿ ಇರದಿದ್ದರೆ ಸರಪಳಿ ಕಡಿಯುತ್ತದೆ.

ನಮ್ಮೂರಿನ ದಕ್ಷಿಣಕ್ಕೆ, ಹೆಬ್ಬಾಳ ಯಲಹಂಕಗಳ ನಡುವೆ, ಕೃಷಿ ವಿಶ್ವವಿದ್ಯಾಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ (ಜಿಕೆವಿಕೆ) ಆವರಣದ 167 ಹೆಕ್ಟೇರನ್ನು 2010ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸಾರಿದರು. ಹೀಗೆ ಉತ್ತರಕ್ಕೆ ನಲ್ಲೂರು, ದಕ್ಷಿಣಕ್ಕೆ ಜಿಕೆವಿಕೆ. ಒಂದು ತುದಿಯಲ್ಲಿ ರೈತರ ಹಳೆಯ ಹುಣಸೆ, ಇನ್ನೊಂದು ತುದಿಯಲ್ಲಿ ಕೃಷಿ ವಿಜ್ಞಾನಿಗಳ ಮರಗಳು. ಇವೆರಡರ ನಡುವಿನ ಹಳ್ಳಿಗಳಲ್ಲಿ ಅಳಿದುಳಿದ ಗುಂಡುತೋಪು, ಗುಡಿಯ ಅಂಗಳದ ಮರ, ಕೆರೆ ಏರಿಯ ಹೊಂಗೆ, ಕಾಲೇಜುಗಳ ಆವರಣದ ಹಳೆಯ ಮಾವು, ಇವನ್ನು ಪಟ್ಟಿ ಮಾಡಿ ಮುಟ್ಟದೆ ಬಿಟ್ಟರೆ ಗಾಳಿಯಲ್ಲಿ ತೇಲುವ ಬೀಜಕ್ಕೆ ಹೆಜ್ಜೆಯೂರಲು ಮೆಟ್ಟಿಲುಗಳು ಸಿಕ್ಕುತ್ತವೆ. ನಮ್ಮ ಪಂಚಾಯಿತಿಗಳ ಜೀವವೈವಿಧ್ಯ ದಾಖಲಾತಿಯಲ್ಲಿ ಮರದ ಜಾತಿ, ಸುತ್ತಳತೆ ಬರೆಯುವ ಜಾಗದಲ್ಲಿ ಮರದ ಮೇಲೇನಿದೆ ಎಂಬ ಒಂದು ಕಲಂ ಸೇರಿಸಬೇಕೆಂದು ನಾನು ಕೇಳುತ್ತಲೇ ಬಂದಿದ್ದೇನೆ.

ಬಿರುಗಾಳಿಗೆ ಮುರಿದುಬಿದ್ದ, ಅಪ್ಪಣೆ ಪಡೆದು ಕಡಿದ ಕೊಂಬೆಗಳಲ್ಲಿ ಮರಬಾಳೆ ಕಂಡರೆ ಅದನ್ನು ಒಣಗಲು ಬಿಡಬೇಕಾಗಿಲ್ಲ. ಸಂಬಂಧಪಟ್ಟವರನ್ನು ಕೇಳಿ, ತೊಗಟೆಯ ಚಕ್ಕೆ ಸಮೇತ ಬಿಡಿಸಿಕೊಳ್ಳಿ. ಬೇರನ್ನು ಎಳೆದು ಹರಿಯಬೇಡಿ. ಅದೇ ಊರಿನ ಒರಟು ತೊಗಟೆಯ ಹಳೆಯ ಮರದಲ್ಲಿ, ಹುಣಸೆಯೋ ಮಾವೋ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಿರುವ ಕವಲಿಗೆ ತೆಂಗಿನ ನಾರಿನ ಹುರಿಯಿಂದ ಕಟ್ಟಿ. ತಂತಿ ಬೇಡ, ಪ್ಲಾಸ್ಟಿಕ್ ಬೇಡ, ಮಣ್ಣು ಬೇಡವೇ ಬೇಡ. ಮುಂಗಾರು ಹಿಡಿಯುವ ಮೊದಲ ವಾರಗಳಲ್ಲಿ ಕಟ್ಟಿದರೆ ಮಳೆಗಾಲದೊಳಗೆ ಹೊಸ ಬೇರು ಹೊರಟು ತೊಗಟೆ ಹಿಡಿಯುತ್ತದೆ, ಹುರಿ ತಾನೇ ಕೊಳೆತು ಬೀಳುತ್ತದೆ. ಮೊದಲ ಬೇಸಿಗೆಗೆ ಹೂ ಬಾರದಿದ್ದರೆ ಕಿತ್ತು ನೋಡಲು ಹೋಗಬೇಡಿ. ಹೂ ಬಂದ ವರ್ಷ ಕಾಯಿ ಕಟ್ಟಿದರೆ ಅದನ್ನು ಕೀಳದೆ ಮರದಲ್ಲೇ ಬಿರಿಯಲು ಬಿಡಿ.